ರಸ ಅವರದು, ಮೂಳೆ ನಮ್ಮದಾ?

ಮೊನ್ನೆ ನಮ್ಮಕ್ಕನ ಮಗಳು ಕನ್ನಡ ನೋಟ್‌ಬುಕ್ ತಂದು ತೋರಿಸಿದಳು. ಐದನೇ ಕ್ಲಾಸು. 'ರಸಭರಿತ' ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಅಂತ ಕೊಟ್ಟಿದ್ದರು. ಕೂಸು ಬರೆದಿತ್ತು: "ನಮ್ಮಜ್ಜಿ ಮಾಡಿದ ಬಾಡು ರಸಭರಿತವಾಗಿತ್ತು." ಅದರ ಮೇಲೆ ಕೆಂಪು ಗೀಟು. ಪಕ್ಕದಲ್ಲಿ ಟೀಚರ್ ಬರಹ: "ಮಾವಿನ ಹಣ್ಣು ರಸಭರಿತವಾಗಿತ್ತು."

"ಮಾಮ, ನಂದು ಯಾಕೆ ತಪ್ಪು?" ಅಂತ ಕೇಳ್ತು. ಆ ಕೂಸಿಗೆ ಹೇಳಬೇಕಾದ ಉತ್ತರವನ್ನ ಇಲ್ಲಿ ಬರೀತಿದೀನಿ, ಗೆಳೆಯರೇ.

ವಾಕ್ಯದಲ್ಲಿ ವ್ಯಾಕರಣ ತಪ್ಪಿಲ್ಲ, ಕಾಗುಣಿತ ತಪ್ಪಿಲ್ಲ, ಅರ್ಥವೂ ತಪ್ಪಿಲ್ಲ. ತಪ್ಪಾಗಿದ್ದು ಅಜ್ಜಿಯ ಒಲೆ.

ರಸಭರಿತ, ರಸವತ್ತಾದ, ರಸಪೂರ್ಣ. ಈ ಪದಗಳು ಎಲ್ಲೆಲ್ಲಿ ಓಡಾಡ್ತವೆ ನೋಡಿ. ಮಾವು, ಕಿತ್ತಳೆ, ಕಲ್ಲಂಗಡಿ ಸರಿ, ಅಲ್ಲಿ ನಿಜವಾಗ್ಲೂ ರಸ ಇದೆ. ಆದರೆ ಭಾಷಣಕ್ಕೂ ರಸ ಇದೆ, ಆರ್ಕೆಸ್ಟ್ರಾಗೆ 'ರಸಮಂಜರಿ' ಅಂತಾರೆ, ಸಂಗೀತ ಕೇಳಿದ್ರೆ 'ರಸದೌತಣ', ಪಕ್ಕದ ಮನೆ ಗಾಸಿಪ್ಪೂ 'ರಸವತ್ತಾದ ಸುದ್ದಿ'. ಹಿಂಡಿದರೆ ಒಂದು ಹನಿ ಬರದ ವಸ್ತುಗಳಿಗೆಲ್ಲ ರಸ ಸಿಕ್ತು. ಕಚ್ಚಿದ್ರೆ ಮೊಣಕೈವರೆಗೂ ಇಳಿಯೋ ಬಾಡಿಗೆ ಮಾತ್ರ ಕೆಂಪು ಗೀಟು!

'ರಸ ಸಂಸ್ಕೃತ ಪದ, ಅದಕ್ಕೊಂದು ಔಚಿತ್ಯ ಇದೆ' ಅನ್ನೋರಿಗೆ ಒಂದು ಮಾತು. ಚರಕ, ಸುಶ್ರುತ ಸಂಹಿತೆಗಳಲ್ಲೇ 'ಮಾಂಸರಸ' ಅನ್ನೋ ಪದ ಇದೆ. ಬಳಲಿದವರಿಗೆ, ಸೊರಗಿದವರಿಗೆ ಕೊಡೋ ಮಾಂಸದ ಸಾರು ಅದು. ಅಂದ್ರೆ ನಮ್ಮ ಕೂಸಿನ ವಾಕ್ಯ ಸಂಸ್ಕೃತದ ಲೆಕ್ಕದಲ್ಲೂ ಸರಿ. ಗೀಟು ಎಳೆದದ್ದು ಭಾಷೆ ಅಲ್ಲ, ಜಾತಿ.

ಇನ್ನು ನಮ್ಮ ಪದಗಳಿಗೆ ಬರೋಣ. ನಮಗೆ ರಸ ಅನ್ನೋ ಪದವೇ ಬೇಕು ಅಂತೇನಿಲ್ಲ. ಸಾರು ಇದೆ. ತಮಿಳರ 'ಚಾಱು' ಇದರದ್ದೇ ಸೋದರ. ಅವರು ಕಬ್ಬಿನ ಹಾಲಿಗೂ ಅದನ್ನೇ ಅಂತಾರೆ. ಎಸ್ರು ಇದೆ: ಉಪ್ಪೆಸ್ರು, ಬಾಡೆಸ್ರು. ನೆಣ ಇದೆ. ನಲ್ಲಿ ಮೂಳೆ ಇದೆ, ತಟ್ಟೆಗೆ ಕುಟ್ಟಿ ಹೀರೋ ಆ ಸದ್ದಿಗೆ ಯಾವ ಪರ್ಯಾಯ ಪದ ಕೊಡ್ತೀರಿ? ನಮ್ಮವ್ವ 'ರಸಭರಿತ' ಅಂತ ಯಾವತ್ತೂ ಅಂದಿಲ್ಲ. "ಎಸ್ರು ಇಳ್ದದೆ, ಮುದ್ದೆ ಅದ್ಕೊಂಡು ಉಣ್ಣು" ಅಂತಿದ್ಲು. ಅಷ್ಟರಲ್ಲೇ ಎಲ್ಲ ಇತ್ತು.

ನಮಗೆ ರಸ ಅಂದ್ರೆ ಬರೀ ರುಚಿಯಲ್ಲ, ಅದಕ್ಕೊಂದು ಚರಿತ್ರೆ ಇದೆ. ಊರಿನ ಸತ್ತ ದನ ಹೊರೋದು ನಮ್ಮ ಪಾಲಿನ ಬಿಟ್ಟಿ ಚಾಕರಿ. ಆ ಬಾಡನ್ನ ಸೀಳಿ, ಸರ ಮಾಡಿ, ಹಗ್ಗಕ್ಕೆ ನೇತುಹಾಕಿ ಒಣಗಿಸಿ ಮಳೆಗಾಲಕ್ಕೆ ಇಟ್ಕೊಂಡ ಜನ ನಾವು. ರಸವೆಲ್ಲ ಬಿಸಿಲು ಕುಡಿದ ಮೇಲೆ ಉಳಿದದ್ದು ನಮ್ಮ ಊಟ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದು ನಾಲಗೆಯ ಮೇಲಿನ ಸಿಟ್ಟಿಗಲ್ಲ, ಆ ಗುಲಾಮಗಿರಿಯ ಮೇಲಿನ ಸಿಟ್ಟಿಗೆ. ಇವತ್ತು ನಮ್ಮ ದುಡಿಮೆಯ ದುಡ್ಡಲ್ಲಿ ಹಸಿ ಬಾಡು ತಂದು ಎಸ್ರು ಮಾಡ್ತೀವಿ ಅಂದ್ರೆ ಅದು ಸ್ವಾಭಿಮಾನದ ಅಡುಗೆ. ಅದನ್ನ ಕೆಂಪು ಇಂಕಲ್ಲಿ ಹೊಡೀಬೇಡಿ.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ 87ನೇ ಸಾಹಿತ್ಯ ಸಮ್ಮೇಳನ ನಡೀತಲ್ಲ, ನೆನಪಿದೆಯಾ? ನಿಷೇಧದ ಪಟ್ಟಿಯಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲೇ ಮಾಂಸಾಹಾರವನ್ನೂ ಕೂರಿಸಿದ್ರು. ಬಾಡೂಟದ ಮಂಡ್ಯದಲ್ಲಿ! ಕನ್ನಡದ ಹೆಸರಲ್ಲಿ! ರಸಋಷಿ ಅಂತ ನೀವೇ ಕರೆಯೋ ಕುವೆಂಪು ಅವರ ಕಾದಂಬರಿಗಳಲ್ಲಿ ಕಡುಬು-ತುಂಡು ಬೇಯ್ತದೆ. ಪುಸ್ತಕದಲ್ಲಿ ಬೆಂದರೆ ಸಾಹಿತ್ಯ, ಪೆಂಡಾಲಲ್ಲಿ ಬೆಂದರೆ ಮೈಲಿಗೆಯಾ?

1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದಕ್ಕೆ ಬೀದಿಗಳು ಹೊತ್ತಿ ಉರಿದವು, ಮಂತ್ರಿಗಿರಿ ಹೋಯ್ತು. ಬೂಸಾ ಅಂದ್ರೇನು? ಸತ್ವ ಹೋದ ಮೇಲೆ ಉಳಿಯೋ ಹೊಟ್ಟು. ಕೇರಿಯ ಬಾಯಿಂದ ಬಂದ ಪದಗಳನ್ನ ಹೊರಗಿಟ್ಟ ಭಾಷೆಗೆ ಇನ್ನೇನು ಹೇಳ್ಬೇಕಿತ್ತು?

ನಮ್ಮೋರಿಗೂ ಒಂದು ಮಾತು, ಬೇಜಾರಾಗ್ಬೇಡಿ. ನಾವು ನಾಲ್ಕಕ್ಷರ ಕಲಿತ ಮೇಲೆ ಆಫೀಸಲ್ಲಿ ಡಬ್ಬಿ ಮುಚ್ಚಳ ಅರ್ಧ ತೆಗೆದು "ನಾನ್‌ವೆಜ್ಜು" ಅಂತ ಪಿಸುಗುಡ್ತೀವಿ. ಮಾಲ್‌ನಲ್ಲಿ 'ಜ್ಯೂಸಿ ಚಿಕನ್' ಅಂತ ಗಟ್ಟಿಯಾಗಿ ಆರ್ಡರ್ ಮಾಡ್ತೀವಿ. ಇಂಗ್ಲಿಷಲ್ಲಿ ಹೇಳಿದ್ರೆ ಸ್ಟೈಲು, ಅವ್ವನ ಮಾತಲ್ಲಿ ಹೇಳಿದ್ರೆ ನಾಚಿಕೆ. ಟೀಚರ್ ಎಳೆದ ಗೀಟನ್ನ ನಾವೇ ನಮ್ಮ ಬಾಯೊಳಗೆ ಎಳ್ಕೊಂಡಿದೀವಿ.

ನಾಳೆ ನಾನೂ ಅಕ್ಕನೂ ಶಾಲೆಗೆ ಹೋಗ್ತಿದೀವಿ. ಜಗಳಕ್ಕಲ್ಲ. ಆ ಗೀಟಿನ ಪಕ್ಕ 'ಸರಿ' ಅಂತ ಬರೆದು ಸಹಿ ಹಾಕಿ ಅಂತ ಕೇಳೋಕೆ. ಅಷ್ಟೇ ಬೇಡಿಕೆ.

ನೀವು ಮಾಡಬೇಕಾದ್ದು ಇಷ್ಟು: ನಿಮ್ಮ ಅವ್ವ, ಅಜ್ಜಿ, ದೊಡ್ಡವ್ವರ ಹತ್ರ ಕೂತು ಬಾಡಿನ, ಎಸ್ರಿನ, ಮೂಳೆಯ ಪದಗಳನ್ನ ಕೇಳಿ ಬರೆದಿಡಿ. ಅವರು ಹೋದ್ರೆ ಪದಗಳೂ ಹೋಗ್ತವೆ. ಆಮೇಲೆ ಕನ್ನಡದಲ್ಲಿ ಉಳಿಯೋದು ಮಾವಿನ ಹಣ್ಣೊಂದೇ.

ಜೈಭೀಮ್.