ಬಿತ್ತುವ ಮೊದಲೇ ತಿಳಿಸಿ: ಮುಧೋಳ ಹೋಬಳಿ ರೈತರ ಹಕ್ಕೊತ್ತಾಯ

ಸೇಡಂ ತಾಲ್ಲೂಕು ಹಾಗೂ ಕಲಬುರಗಿ ಜಿಲ್ಲಾ ಆಡಳಿತಕ್ಕೆ,

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಬಂತು. 2023ನ್ನು ಜಗತ್ತೇ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಇವುಗಳಿಂದ ತಮ್ಮ ಹೊಲಕ್ಕೇನು ದಕ್ಕುತ್ತದೆಂಬುದು ತೆಲಂಗಾಣ ಗಡಿಯಂಚಿನ ನಮ್ಮ ಬಹಳ ರೈತರಿಗೆ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದ ಯೋಜನೆ ನಮ್ಮ ಪಾಲಿಗೆ ಇಲ್ಲದ ಯೋಜನೆಯೇ.

1. ಮುಂಗಾರಿನ ಯೋಜನೆಗಳ ಮಾಹಿತಿ ರೋಹಿಣಿ ಮಳೆಗೆ ಮೊದಲು, ಹಿಂಗಾರಿ ಜೋಳದ್ದು ಬಿತ್ತನೆಗೆ ತಿಂಗಳು ಮುಂಚೆ ಸಿಗಬೇಕು. ಊರೂರಲ್ಲಿ ಡಂಗುರ ಸಾರಿಸಿ, ಗ್ರಾಮಸಭೆಯಲ್ಲಿ ಓದಿ ಹೇಳಿ, ಪಂಚಾಯಿತಿ ಗೋಡೆಗೆ ಬರೆಸಿ. ಮೊಬೈಲ್ ಸಂದೇಶವೊಂದೇ ಸಾಲದು. ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲೂ ತಿಳಿಸಿ.

2. ನವಣೆ, ಸಾಮೆ, ಊದಲು, ಹಾರಕ, ಕೊರಲೆ, ಬರಗು ಬೆಳೆದವರಿಗೆ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿಯಂತೆ 2 ಹೆಕ್ಟೇರ್‌ವರೆಗೆ ಪ್ರೋತ್ಸಾಹಧನವಿದೆ. ಈ ಪಟ್ಟಿಯಲ್ಲಿ ಜೋಳವಿಲ್ಲ ಎಂಬುದನ್ನೂ ಮೊದಲೇ ಸ್ಪಷ್ಟವಾಗಿ ಹೇಳಿ. ಜೋಳವೇ ನಮ್ಮ ರೊಟ್ಟಿ, ನಮ್ಮ ದನಗಳ ಮೇವು. ಅದಕ್ಕೂ ಇಂಥದೇ ನೆರವು ಬೇಕು.

3. ಭೌಗೋಳಿಕ ಸೂಚಕದ ಅಧಿಕೃತ ಬಳಕೆದಾರನಾಗಲು ಅರ್ಜಿ ಶುಲ್ಕ ಕೇವಲ 10 ರೂಪಾಯಿ. ಆದರೆ ಆ ಅರ್ಜಿ ತುಂಬಿಕೊಡುವವರು ಹಳ್ಳಿಯಲ್ಲಿಲ್ಲ. ತೊಗರಿ ಮಂಡಳಿ ಮುಧೋಳದಲ್ಲೇ ಶಿಬಿರ ಹಾಕಲಿ. ಹೆಸರು ನಮ್ಮ ನೆಲದ್ದು, ಅದರ ಬೆಲೆ ದಾಲ್‌ಮಿಲ್ಲಿನ ಬಾಗಿಲಲ್ಲೇ ನಿಂತುಬಿಡಬಾರದು.

4. ಕಿರು ಆಹಾರ ಸಂಸ್ಕರಣಾ ಘಟಕಕ್ಕೆ ಕೇಂದ್ರ, ರಾಜ್ಯ ಸೇರಿ ಶೇ 50ರಷ್ಟು, ಗರಿಷ್ಠ 15 ಲಕ್ಷ ರೂಪಾಯಿ ಸಹಾಯಧನವಿದೆ. ಬೇಳೆ ಮಾಡುವ, ರೊಟ್ಟಿ ತಟ್ಟುವ ಹೆಣ್ಣುಮಕ್ಕಳ ಸಂಘಗಳಿಗೆ ಇದನ್ನು ಮುಟ್ಟಿಸಿ. ಯೋಜನಾ ವರದಿ ಬರೆಯಲು ನೆರವಾಗಿ. ಇದಕ್ಕೆ ಬೇಕಾದ ಸಾಲವನ್ನು ಬ್ಯಾಂಕು ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಿಸಿ.

5. ನೆರವು ಪಡೆಯಲು ಬೇಕಾದ ರೈತರ ಫ್ರೂಟ್ಸ್ ಗುರುತಿನ ಸಂಖ್ಯೆ ಪಹಣಿಗೆ ಕಟ್ಟುಬಿದ್ದಿದೆ. ಲಾವಣಿಗೆ ಹೊಲ ಮಾಡುವವರು, ಗಂಡನ ಹೆಸರಿನ ಹೊಲದಲ್ಲಿ ದುಡಿಯುವ ಹೆಂಗಸರು ಇಲ್ಲೇ ಹೊರಗುಳಿಯುತ್ತಾರೆ. ನಮ್ಮೆಲ್ಲ ಒತ್ತಾಯಗಳಲ್ಲಿ ಇದೇ ಹಿರಿದು: ಬೆವರು ಸುರಿಸಿದವರಿಗೆ ನೆರವು ಸಲ್ಲುವ ದಾರಿ ಮಾಡಿ.

6. ಅಂಗನವಾಡಿ, ಶಾಲೆ, ಹಾಸ್ಟೆಲುಗಳ ಅಡುಗೆಗೆ ತಾಲ್ಲೂಕಿನ ತೊಗರಿಬೇಳೆ, ಜೋಳವನ್ನೇ ಮೊದಲು ಕೊಳ್ಳಿ.

7. ತೊಗರಿಯ ಬೆಂಬಲ ಬೆಲೆ ನೋಂದಣಿ ರಾಶಿಗೆ ಮುಂಚೆ ತೆರೆಯಲಿ. ತಡವಾದರೆ ಸಾಲದ ಭಾರಕ್ಕೆ ಮಾಲು ಅಡತಿಗೆ ಹೋಗಿರುತ್ತದೆ.

8. ಪ್ರತಿ ಯೋಜನೆಗೆ ಬಂದ ಅನುದಾನ, ಅರ್ಜಿ, ಫಲಾನುಭವಿಗಳ ಪಟ್ಟಿಯನ್ನು ರೈತ ಸಂಪರ್ಕ ಕೇಂದ್ರದ ಫಲಕದಲ್ಲಿ ಹಾಕಿ. ಈ ಪತ್ರಕ್ಕೆ 30 ದಿನಗಳೊಳಗೆ ಲಿಖಿತ ಉತ್ತರ ಕೊಡಿ.

ಮುಧೋಳ ಹೋಬಳಿಯ ರೈತರು