ಮುಖಕ್ಕೆ ಸುಣ್ಣ ಯಾಕೆ?

1993ರಲ್ಲಿ ನನಗೆ ಗಂಡು ಹುಡುಕುತ್ತಿದ್ದಾಗ ಅಪ್ಪ ನನ್ನನ್ನು ಶಿವಮೊಗ್ಗದ ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರು. ಪರದೆಯ ಮೇಲೆ ಜಲಪಾತದ ಚಿತ್ರ. ಮೂಲೆಯಲ್ಲಿ ಕನ್ನಡಿ, ಬಾಚಣಿಗೆ, ಪೌಡರ್ ಡಬ್ಬಿ. "ಇನ್ನೂ ಸ್ವಲ್ಪ ಹಚ್ಕೊಳ್ಳಮ್ಮ" ಎಂದು ಮೂರು ಸಲ ಹೇಳಿ, ಕಣ್ಣು ಕುಕ್ಕುವ ಎರಡು ದೀಪ ಹಾಕಿ ಫೋಟೋ ತೆಗೆದರು. ಆ ಫೋಟೋ ನೋಡಿ ಒಪ್ಪಿ ಬಂದ ಗಂಡಿನ ತಾಯಿ ನಮ್ಮ ಮನೆಯ ಉಪ್ಪಿಟ್ಟು, ಕೇಸರಿಬಾತು ತಿಂದು ಮುಗಿಸಿ, "ಫೋಟೋದಲ್ಲಿ ಬೆಳ್ಳಗಿದ್ದಳಲ್ಲ?" ಎಂದರು. ಅಪ್ಪ ಏನೋ ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು. ಅದು ನನಗೆ ಇವತ್ತಿಗೂ ಮರೆತಿಲ್ಲ.

ಈಗಿನ ಸ್ಟುಡಿಯೋಗಳ ರೀತಿ ಬೇರೆ. ಗಂಟೆ ಲೆಕ್ಕದಲ್ಲಿ ಹಾಲ್ ಬಾಡಿಗೆಗೆ ಸಿಗುತ್ತದೆ. ದೀಪ, ಪರದೆ, ಸೋಫಾ ಅವರದು. ಕ್ಯಾಮೆರಾದವನನ್ನು ನಾವೇ ಕರೆದುಕೊಂಡು ಹೋಗಬೇಕು. ಕಳೆದ ವರ್ಷ ಅಣ್ಣನ ಮಗಳ ನಿಶ್ಚಿತಾರ್ಥದ ಮುಂಚೆ ಅಂಥದ್ದೊಂದನ್ನು ಎರಡು ಗಂಟೆಗೆ ಹಿಡಿದೆವು. ಬಾಗಿಲು ದಾಟಿದ ಕ್ಷಣದಿಂದಲೇ ಬಾಡಿಗೆ ಲೆಕ್ಕ ಶುರು. ಮುಕ್ಕಾಲು ಗಂಟೆ ಮೇಕಪ್ಪಿಗೆ ಮತ್ತು ಸೀರೆಯ ನೆರಿಗೆಗೆ ಹೋಯಿತು. ಉಳಿದದ್ದು ನಾಲ್ಕು ಪರದೆ ಬದಲಾಯಿಸುವುದಕ್ಕೆ. ಎಂಬತ್ತೆರಡರ ನಮ್ಮಮ್ಮ ಎಲ್ಲರ ಬ್ಯಾಗುಗಳನ್ನು ತೊಡೆಯ ಮೇಲಿಟ್ಟುಕೊಂಡು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತೇ ಇದ್ದರು. ಹತ್ತು ನಿಮಿಷ ಉಳಿದಾಗ ಯಾರಿಗೋ ನೆನಪಾಯಿತು: "ಅಯ್ಯೋ, ಅಜ್ಜಿ ಜೊತೆ ಒಂದು!"

ವಾರದ ನಂತರ ಫೋಟೋಗಳು ಬಂದವು. ಎಣ್ಣೆಗೆಂಪು ಬಣ್ಣದ ನಮ್ಮ ಹುಡುಗಿ ಸುಣ್ಣ ಹೊಡೆದ ಗೋಡೆಯಂತಿದ್ದಳು. ಎಡಗೆನ್ನೆಯ ಮಚ್ಚೆ ಮಾಯ! ಅದು ನಮ್ಮಮ್ಮನಿಂದ ನನಗೂ ಅವಳಿಗೂ ಬಂದ ಮಚ್ಚೆ. "ಬಿಡಿ ಅತ್ತೆ, ಎಲ್ಲರದ್ದೂ ಹೀಗೇ ಇರುತ್ತೆ" ಎಂದಳು. ನನಗೆ ಬಿಡಲಾಗಲಿಲ್ಲ. ಫೋಟೋ ತೆಗೆದವನು ನನ್ನ ಹಳೆಯ ವಿದ್ಯಾರ್ಥಿ. ಫೋನ್ ಮಾಡಿ ಕೇಳಿದೆ. "ಏನ್ಮಾಡ್ಲಿ ಮೇಡಂ? ಬೆಳ್ಳಗೆ ಮಾಡದೆ ಕೊಟ್ರೆ ಗಿರಾಕಿಗಳು ಒಪ್ಪಲ್ಲ. ಕೇಳೋರೂ ಹೆಂಗಸರೇ" ಎಂದ.

ಅವನ ಮಾತು ಸುಳ್ಳಲ್ಲ. ಆದ್ದರಿಂದ ನನ್ನ ಜಗಳ ಅವನ ಜೊತೆಗಲ್ಲ, ನಮ್ಮ ಜೊತೆಗೆ. ಒಂದು ಕಾಲದಲ್ಲಿ ಬಣ್ಣದ ಫೋಟೋಗಳ ಹದ ನೋಡಲು ಕೊಡಕ್ ಕಂಪನಿ ಲ್ಯಾಬುಗಳಿಗೆ ಬಿಳಿಯ ಹೆಂಗಸಿನ ಚಿತ್ರವಿರುವ 'ಶರ್ಲಿ ಕಾರ್ಡ್' ಕಳಿಸುತ್ತಿತ್ತು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂದು ಲೆಕ್ಕ. ಆ ಕಾಲ ಹೋಯಿತು. 'ಫೇರ್ ಅಂಡ್ ಲವ್ಲಿ' ಕ್ರೀಮು ಕೂಡ 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಕಿತ್ತು 'ಗ್ಲೋ' ಎಂದು ಇಟ್ಟುಕೊಂಡಿತು. ಮಾರುವವರಿಗೇ ನಾಚಿಕೆಯಾದ ಮೇಲೂ ಕೊಳ್ಳುವ ನಮಗೆ ಬೇಡವೇ?

ಒಂದು ದಿನ ಚೆನ್ನಾಗಿ ಕಾಣಬೇಕೆಂಬ ಆಸೆ ತಪ್ಪೇ ಎಂದು ನೀವು ಕೇಳಬಹುದು. ಖಂಡಿತ ತಪ್ಪಲ್ಲ. ನಾನೂ ಅವತ್ತು ಮೈಸೂರು ರೇಷ್ಮೆ ಉಟ್ಟೇ ಹೋಗಿದ್ದೆ. ಆದರೆ ಚೆನ್ನಾಗಿ ಕಾಣುವುದು ಬೇರೆ, ಇನ್ನೊಬ್ಬಳಾಗಿ ಕಾಣುವುದು ಬೇರೆ. ಬಾಡಿಗೆ ಕೊಟ್ಟದ್ದು ಒಳ್ಳೆಯ ಬೆಳಕಿಗೆ. ಆ ಬೆಳಕನ್ನು ಕೇಳಿ ಪಡೆಯಿರಿ. ಆ ಹುಡುಗನೇ ವಿವರಿಸಿದ: ಹಿಂದೆ ಬಿಳಿ ಪರದೆ ಇದ್ದು ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ, ಬೆಳಕು ಹೆಚ್ಚಾಯಿತೆಂದು ಅದು ಇಡೀ ಚಿತ್ರವನ್ನು ಮಂಕು ಮಾಡುತ್ತದೆ. ಮುಖ ಕಪ್ಪಿಟ್ಟಂತೆ ಬರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಸುಣ್ಣ! ಅದರ ಬದಲು ಗಾಢ ಬಣ್ಣದ ಪರದೆ ಹಾಕಿಸಿ, ಪಕ್ಕದಿಂದ ಮೃದುವಾದ ಬೆಳಕು ಬಿಡಿಸಿ, ಮುಖಕ್ಕೆ ಬೀಳುವ ಬೆಳಕನ್ನೇ ಅಳೆದು ತೆಗೆಯಲು ಹೇಳಿ. ಎಣ್ಣೆಗೆಂಪು ಮುಖ ಎಷ್ಟು ಕಳೆಯಾಗಿ ಬರುತ್ತದೆಂದು ನೀವೇ ನೋಡುತ್ತೀರಿ.

ಮನೆಯಲ್ಲೇ ಸೀರೆ ಉಟ್ಟು, ತಲೆ ಬಾಚಿ ಹೊರಡಿ. ಪರದೆ ಎರಡು ಸಾಕು. ಬಣ್ಣ ಬದಲಿಸಬಾರದು, ಮಚ್ಚೆ ಅಳಿಸಬಾರದು ಎಂದು ಮುಂಗಡ ಕೊಡುವಾಗಲೇ ಹೇಳಿ. ಮೊದಲ ಫೋಟೋ ಮನೆಯ ಹಿರಿಯ ಹೆಂಗಸಿನದಾಗಲಿ. ಅವರಿಗೆ ಬೇಗ ಸುಸ್ತಾಗುತ್ತದೆ, ಮತ್ತೆ ಅವರನ್ನು ಅಲ್ಲಿಗೆ ಕರೆತರುವ ಯೋಗ ಇರುತ್ತದೋ ಇಲ್ಲವೋ. ಆಯ್ದ ನಾಲ್ಕನ್ನಾದರೂ ಕಾಗದದ ಮೇಲೆ ಹಾಕಿಸಿ.

ಹುಡುಗ ಬೇಸರಿಸದೆ ಮೂಲ ಫೋಟೋಗಳನ್ನೇ ಮತ್ತೆ ಕಳಿಸಿಕೊಟ್ಟ. ಕೊನೆಯ ಹತ್ತು ನಿಮಿಷದಲ್ಲಿ ತೆಗೆದದ್ದಕ್ಕೆ ಅಣ್ಣ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾನೆ. ಅಮ್ಮ, ನಾನು, ಹುಡುಗಿ. ಮೂವರ ಎಡಗೆನ್ನೆಯಲ್ಲೂ ಮಚ್ಚೆ. ನಿಶ್ಚಿತಾರ್ಥದ ದಿನ ಬೀಗಿತ್ತಿ ಅದರ ಮುಂದೆ ನಿಂತು, "ಹುಡುಗಿ ಅಜ್ಜಿಯ ತದ್ರೂಪ" ಎಂದರು. ಈ ಸಲ ನಮ್ಮ ಮನೆಯಲ್ಲಿ ಯಾರೂ ತಲೆ ತಗ್ಗಿಸಬೇಕಾಗಲಿಲ್ಲ.