ಶಿಕ್ಷಕನ ಕೈಗೆ ಬಂದ ಅಧಿಕಾರ

ಬಹುಕಾಲ ಪಾಠ ಹೇಳಿದ ಶಿಕ್ಷಕರೊಬ್ಬರು ಜಿಲ್ಲೆಯ ಶಾಲೆಗಳ ಮುಖ್ಯಾಧಿಕಾರಿಯಾಗಿ ನೇಮಕಗೊಂಡರೆ ಊರಿನ ಮಹಾಜನರು ಸಭೆ ಕೂಡಿಸಿ ಹಾರ ಹಾಕುವರು. ಇದು ಯುಕ್ತವೇ ಸರಿ. ಆದರೆ ಆ ಸನ್ಮಾನವು ಪದವಿಗೆ ಸಲ್ಲತಕ್ಕದ್ದೋ, ಕಾರ್ಯಕ್ಕೆ ಸಲ್ಲತಕ್ಕದ್ದೋ? ಡೆಪ್ಯುಟಿ ಚನ್ನಬಸಪ್ಪನವರ ಚರಿತ್ರೆಯನ್ನು ಬಲ್ಲ ಕನ್ನಡಿಗರಿಗೆ ಇದರ ಉತ್ತರವನ್ನು ಹೊರಗೆ ಹುಡುಕಬೇಕಾದ ಕಾರಣವಿಲ್ಲ.

1834ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಪುಣೆಯಲ್ಲಿ ವ್ಯಾಸಂಗ ಮಾಡಿದರು. ತಿರುಗಿ ಬಂದು ಧಾರವಾಡದ ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾಗಿ ಶಿಕ್ಷಕರನ್ನು ತಯಾರಿಸಿದರು; ಅನಂತರ ಬೆಳಗಾವಿಯಲ್ಲಿ ವಿದ್ಯಾಖಾತೆಯ ಡೆಪ್ಯುಟಿ ಇನ್ಸ್‌ಪೆಕ್ಟರರಾದರು. ಆಗ ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿತ್ತು. ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಮರಾಠಿಯನ್ನು ಓದಬೇಕಾದ ವಿಪರೀತವಿತ್ತು. ಚನ್ನಬಸಪ್ಪನವರು ಮರಾಠಿಯನ್ನು ದ್ವೇಷಿಸಲಿಲ್ಲ. ಮಗುವಿಗೆ ಮಗುವಿನ ನುಡಿಯಲ್ಲಿಯೇ ವಿದ್ಯೆಯು ದೊರೆಯಬೇಕೆಂದು ಹಟ ಹಿಡಿದರು. ಮೇಲಧಿಕಾರಿಗಳಾದ ರಸೆಲ್ ಸಾಹೇಬರ ಬೆಂಬಲವೂ ಅವರಿಗೆ ದೊರೆಯಿತು. ಕನ್ನಡ ಶಾಲೆಗಳು ಹೆಚ್ಚಿದವು. ಓದುವುದಕ್ಕೆ ಪುಸ್ತಕಗಳೂ ಬೇಕಷ್ಟೆ! ಅಧಿಕಾರದ ಭಾರದ ನಡುವೆಯೂ 1871ರಲ್ಲಿ ಅವರು ಶೇಕ್ಸ್‌ಪಿಯರನ ನಾಟಕವೊಂದನ್ನು ‘ನಗದವರನ್ನು ನಗಿಸುವ ಕಥೆ’ಯೆಂದು ಕನ್ನಡಿಸಿದರು. 1881ರಲ್ಲಿ, ಐವತ್ತು ತುಂಬುವ ಮೊದಲೇ, ತೀರಿಕೊಂಡರು. ಡೆಪ್ಯುಟಿಗಳು ಎಷ್ಟೋ ಜನ ಆಗಿ ಹೋದರು. ಹುದ್ದೆಯು ಹೆಸರಿಗೆ ಅಂಟಿ ನಿಂತದ್ದು ಇವರೊಬ್ಬರಿಗೇ ಎಂದರೆ ತಪ್ಪಾಗದು. ಪದವಿಯಿಂದ ಇವರಿಗೆ ಬಂದ ಗೌರವಕ್ಕಿಂತ ಇವರಿಂದ ಪದವಿಗೆ ಬಂದ ಗೌರವವೇ ಹಿರಿದು.

ಇಂದು ಕರ್ನಾಟಕದಲ್ಲಿ 35 ಶೈಕ್ಷಣಿಕ ಜಿಲ್ಲೆಗಳಿವೆ. ಬೆಳಗಾವಿ ಸೀಮೆಯಲ್ಲಿಯೇ ಬೆಳಗಾವಿ, ಚಿಕ್ಕೋಡಿ ಎಂದು ಎರಡಿವೆ. ಒಂದೊಂದಕ್ಕೂ ಒಬ್ಬ ಉಪನಿರ್ದೇಶಕರುಂಟು. ಪಾಠ ಹೇಳುತ್ತ ಮೇಲೇರಿದವರು ಈ ಸ್ಥಾನಕ್ಕೆ ಬಂದಾಗ ನಮಗೆ ವಿಶೇಷ ಸಂತೋಷವಾಗುವುದು. ಸೋರುವ ಛಾವಣಿಯ ಸಂಕಟವನ್ನೂ, ಒಬ್ಬನೇ ಶಿಕ್ಷಕನು ನಾಲ್ಕು ತರಗತಿಗಳನ್ನು ನೋಡಿಕೊಳ್ಳುವ ಕಷ್ಟವನ್ನೂ ಅವರು ಕಾಗದದಿಂದ ಕಲಿಯಬೇಕಾಗಿಲ್ಲ. ಆದರೆ ಮೇಜಿನ ಮೇಲಿನ ಕಡತಗಳು ಒಳಗಿನ ಶಿಕ್ಷಕನನ್ನು ಮರೆಯಿಸಬಲ್ಲವು. ಪರೀಕ್ಷೆಯ ಶೇಕಡಾವಾರು ಲೆಕ್ಕವೊಂದೇ ಜಿಲ್ಲೆಯ ವಿದ್ಯೆಯೆಂಬ ಭ್ರಾಂತಿಯೂ ಹುಟ್ಟಬಲ್ಲದು. ಅಂಥ ಅಧಿಕಾರಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ದಾರಿ ಕೆಟ್ಟ ಹಳ್ಳಿಯ ಶಾಲೆಗೆ ಮೊದಲು ಹೋಗಿರಿ, ಹಿಂದಿನ ಸಾಲಿನ ಹುಡುಗನ ಕೈಗೆ ಪುಸ್ತಕ ಕೊಟ್ಟು ಓದಿಸಿ ಕೇಳಿರಿ.

ಸರಕಾರದ ಹೊಣೆಯೂ ಕಡಿಮೆಯದಲ್ಲ. ಜಿಲ್ಲೆಯ ಪರಿಚಯವಾಗುವಷ್ಟರಲ್ಲಿಯೇ ಅಧಿಕಾರಿಯನ್ನು ಎತ್ತಿ ಬೇರೆ ಕಡೆಗೆ ಹಾಕಿದರೆ ಯಾವ ಕಾರ್ಯವು ಫಲಿಸೀತು? ಬೀಜವನ್ನು ದಿನವೂ ಕೆದಕಿ ನೋಡುವ ಒಕ್ಕಲಿಗನುಂಟೇ? ಊರಿನ ಮುಖಂಡರಿಗೂ ಒಂದು ಮಾತು ಹೇಳಬೇಕಾಗಿದೆ. ಇಂದು ಹಾರ ಹಾಕಿದ ಕೈಯೇ ನಾಳೆ ತನ್ನ ಕಡೆಯವರ ವರ್ಗಾವಣೆಗಾಗಿ ಶಿಫಾರಸಿನ ಚೀಟಿಯನ್ನು ಚಾಚಿದರೆ, ಆ ಹಾರವು ಸನ್ಮಾನವಲ್ಲ, ಸಂಚಕಾರ.

ಶಿಕ್ಷಕನಿಗೆ ಅಧಿಕಾರವನ್ನು ಕೊಟ್ಟವರು ಅದನ್ನು ನಡೆಯಿಸಲು ಅವಕಾಶವನ್ನೂ ಕೊಡಲಿ. ಅವನಿಗೆ ಸಲ್ಲತಕ್ಕ ನಿಜವಾದ ಮರ್ಯಾದೆ ಅದೇ.